ಮನಸ್ಸಿನಲ್ಲಿ ಏಳು

ಪುಸ್ತಕದ ಲೆಕ್ಕಗಳೆಲ್ಲ ಸೇಬಿನವು.
ಸೊಂಗ್‌ಕೋಲ್ ಸರೋವರದ ಈ ದಂಡೆಯಲ್ಲಿ
ಸೇಬಿನ ಮಾತಿರಲಿ, ಒರಗಿ ಕೂರಲು ಒಂದು ಮರವಿಲ್ಲ.
ಹುಲ್ಲು, ಗಾಳಿ, ಮತ್ತೆ ಹುಲ್ಲು.
ಅದಕ್ಕೇ ಸೇಬನ್ನು ಹೊಡೆದುಹಾಕಿ
ಕುರುತ್ ಎಂದು ಬರೆದೆ:
ಗುಡಾರದ ಬದಿಯಲ್ಲಿ ಬಿಸಿಲಿಗೆ ಒಣಗುವ
ಉಪ್ಪು ಮೊಸರಿನ ಉಂಡೆ. ಕಲ್ಲಿನಷ್ಟು ಗಟ್ಟಿ,
ಕಲ್ಲಿಗಿಂತ ಸ್ವಲ್ಪ ರುಚಿ.

ಅಜ್ಜಿ ಬೆಕ್ಜಾತನಿಗೆ ನಾಲ್ಕು ಕೊಟ್ಟಳು,
ಅವನ ತಂಗಿಗೆ ಮೂರು,
ದಾರಿಹೋಕನಿಗೆ ಎರಡು,
ತನ್ನ ಜೇಬಿಗೆ ನಾಲ್ಕು ಹಾಕಿಕೊಂಡು ಕುದುರೆ ಹತ್ತಿದಳು.
ಒಟ್ಟು ಎಷ್ಟು?

ಓದಿ ಮುಗಿಸುವ ಮೊದಲೇ ತಕರಾರು.
ತಂಗಿಗೆ ಯಾಕೆ ಒಂದು ಕಡಿಮೆ?
ದಾರಿಹೋಕ ಯಾರ ಪೈಕಿ? ಅವನ ಕುದುರೆ ಯಾವ ಬಣ್ಣ?
ಅಜ್ಜಿಗೆ ಹಲ್ಲೇ ಇಲ್ಲ, ಜೇಬಿಗೆ ನಾಲ್ಕು ಯಾಕೆ?
ತಿನಾರ್ ಮಾತ್ರ ತುಟಿ ಬಿಚ್ಚಲಿಲ್ಲ;
ಎಣಿಸಲು ಕೊಟ್ಟ ಉಂಡೆಗಳಲ್ಲಿ ಎರಡು
ಅವನ ಎರಡೂ ದವಡೆಯಲ್ಲಿದ್ದವು.
ಕಳೆಯುವ ಲೆಕ್ಕ ಮುಂದಿನ ವಾರಕ್ಕಿತ್ತು,
ಕರೆಯದೆಯೇ ಬಂದು ಕೂತಿತು.

ನನಗೆ ಕಲಿಸಿದವರು ಕಲಿಸಿದ್ದನ್ನೇ ಕಲಿಸಿದೆ.
ಬಂದದ್ದು ಮನಸ್ಸಿನಲ್ಲಿ, ಬರುವುದು ಬೆರಳಿನಲ್ಲಿ.
ನಾಲ್ಕು ಮನಸ್ಸಿನಲ್ಲಿಟ್ಟುಕೊಳ್ಳಿ,
ಮೂರು ಬೆರಳು ಬಿಡಿಸಿ: ಐದು, ಆರು, ಏಳು.
ಈಗ ಬೆರಳು ಮಡಚಿ.
ಏಳು ಮನಸ್ಸಿನಲ್ಲಿ.
ಕೈ ಪ್ರತಿ ಸಲ ಖಾಲಿಯಾಗುತ್ತದೆ ಮಕ್ಕಳೇ,
ಮನಸ್ಸು ಖಾಲಿಯಾಗಕೂಡದು.

ಜಿಪಾರ್, ಏಳು ಎಲ್ಲಿದೆ?

ಅವಳ ಕಣ್ಣು ಬಾಗಿಲಾಚೆ ಇತ್ತು.
ಮನಸ್ಸಲ್ಲಿ ಜಾಗ ಇಲ್ಲ ಎಜೆ, ಎಂದಳು.
(ಎಜೆ ಎಂದರೆ ಅಕ್ಕ. ಟೀಚರಿಗೂ ಅದೇ.)
ಅಲ್ಲಿ ನಮ್ಮ ಕುದುರೆಮರಿ ಇದೆ.
ರಾತ್ರಿ ತಾಯಿ ಹಿಂದೆ ಇತ್ತು, ಬೆಳಗ್ಗೆ ಇರಲಿಲ್ಲ.
ಹಿಂದಿನ ಎಡಗಾಲು ಬಿಳಿ.

ಏನು ಹೇಳಲಿ? ಪಟ್ಟಣದಲ್ಲಿ ಹತ್ತು ದಿನ ತರಬೇತಿ,
ಚಾರ್ಟು, ಬಣ್ಣದ ಕಡ್ಡಿ, ಮಧ್ಯಾಹ್ನ ಊಟ;
ಕಾಣೆಯಾದ ಮರಿಯ ವಿಷಯ ಯಾರೂ ಎತ್ತಿರಲಿಲ್ಲ.
ಸರಿ, ಅದರ ಪಕ್ಕದಲ್ಲೇ ಏಳನ್ನೂ ನಿಲ್ಲಿಸು, ಎಂದೆ,
ಹೇಳಿದ ನನಗೇ ನಂಬಿಕೆಯಿಲ್ಲದೆ.

ಪುಸ್ತಕಗಳು ಬಂದವು.
ಬೆಕ್ಜಾತ್: ಹದಿಮೂರು, ಆದರೆ ತಂಗಿಗೆ ಅನ್ಯಾಯ.
ತಿನಾರ್: ಹನ್ನೊಂದು. ಅವನ ಮಟ್ಟಿಗೆ ಅದು ಸರಿ.
ಜಿಪಾರಳ ಹಾಳೆಯಲ್ಲಿ ಅಂಕಿಯಿಲ್ಲ,
ಒಂದು ಕಾಲು ಮಾತ್ರ, ಬಣ್ಣ ಹಚ್ಚದೆ ಬಿಟ್ಟದ್ದು.

ಮಧ್ಯಾಹ್ನ ಆಲಿಕಲ್ಲು ಬಿತ್ತು.
ಗುಡಾರದ ಕಂಬಳಿ ಗೋಡೆ ಬಡಿಸಿಕೊಂಡು ಸುಮ್ಮನಿತ್ತು.
ಆಮೇಲೆ ಆಕಾಶ ಏನೂ ಆಗದವರ ಹಾಗೆ ಬೆಳಗಿತು.

ಸಂಜೆ ಬೆರಣಿ ಒಟ್ಟುತ್ತಿದ್ದೆ.
ದಿಬ್ಬದಾಚೆಯಿಂದ ಅಪ್ಪನ ಬೆನ್ನಿಗೆ ಅಂಟಿಕೊಂಡು
ಕುದುರೆಯ ಮೇಲೆ ಬಂದಳು. ಹಿಂದೆ ಹಗ್ಗ,
ಹಗ್ಗದ ತುದಿಯಲ್ಲಿ ತೊಯ್ದ, ಸಿಟ್ಟುಗೊಂಡ ಮರಿ.
ಇಳಿಯಲಿಲ್ಲ. ಮರಿ ಸಿಕ್ಕಿತು ಅನ್ನಲಿಲ್ಲ.

ಹದಿಮೂರು, ಎಂದಳು.

ಏನು ಹದಿಮೂರು?

ಹದಿಮೂರು! ಎಂದಳು ಮತ್ತೆ,
ಕಿವಿ ಮಂದವಾದ ಮುದುಕರಿಗೆ ಹೇಳುವಂತೆ,
ಮತ್ತು ಹೋದಳು.

ಅಂದರೆ ಆ ಕಲ್ಲುಕಣಿವೆಯಲ್ಲಿ, ಆಲಿಕಲ್ಲಿನಲ್ಲಿ,
ಹೆಸರಿಟ್ಟು ಕೂಗಿ ಕೂಗಿ ಗಂಟಲು ಕಟ್ಟಿದಾಗಲೂ
ಏಳು ಅಲ್ಲೇ ನಿಂತಿತ್ತು,
ಬಿಳಿ ಕಾಲಿನ ಪಕ್ಕ, ಒದ್ದೆಯಾಗಿ,
ಎರಡಕ್ಕೂ ನಾಲ್ಕಕ್ಕೂ ಕಾಯುತ್ತ.

ನನಗೋ, ಪ್ರಶ್ನೆಯೇ ಮರೆತಿತ್ತು.
ಅವರು ದಿಬ್ಬ ಇಳಿದ ಮೇಲೆ
ಬೆರಣಿ ಕೆಳಗಿಟ್ಟು, ಕೈ ಒರೆಸಿಕೊಂಡು,
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು
ಬೆರಳು ಬಿಡಿಸಿದೆ:
ಬೆಕ್ಜಾತನಿಗೆ ನಾಲ್ಕು,
ಅವನ ತಂಗಿಗೆ