ಹೊಟ್ಟೆಗೆ ಹಾಕಿಕೊಂಡದ್ದು

ಬೆಳಗಿನ ನಾಲ್ಕಕ್ಕೆ ಕುತಾಯಿಸಿಯ ಈ ಬೀದಿಯಲ್ಲಿ
ಎದ್ದಿರುವವರು ಇಬ್ಬರೇ:
ಕಸದ ಗಾಡಿಯ ಗೋಚಾ, ಮತ್ತು ನಾನು.
ನನ್ನದು ನೆಲದಲ್ಲಿ ಹೂತ ಒಲೆ, ಬಾವಿಯಂಥದು,
ನೀರಿರಬೇಕಾದಲ್ಲಿ ಕೆಂಡ.
ಸೊಂಟ ಮಡಿಚಿ, ತಲೆಕೆಳಗಾಗಿ ಬಗ್ಗಿ
ಹಿಟ್ಟನ್ನು ಅದರ ಗೋಡೆಗೆ ತಟ್ಟಬೇಕು, ಒಂದೇ ಏಟಿಗೆ.
ಅಂಟಿತೋ, ರೊಟ್ಟಿ.
ಬಿತ್ತೋ, ಬೂದಿ.

ನಿನ್ನೆ ರಾತ್ರಿ ತೆಕ್ಲೆ ಅಂದಳು
(ಹತ್ತು ತುಂಬಿಲ್ಲ ಇನ್ನೂ, ಕೋರೆಹಲ್ಲು ಅರ್ಧ ಬಂದಿದೆ):
"ನೀನು ಸ್ಕೂಲಿಗೆ ಬರಬೇಡ.
ಸುಟ್ಟ ವಾಸನೆ ನಿನ್ನದು. ಕೈಮೇಲೆ ಕೂದಲೇ ಇಲ್ಲ.
ನೀನು ನನ್ನ ಅಮ್ಮ ಅಂತ ಯಾರಿಗೂ ಹೇಳಿಲ್ಲ.
ರೊಟ್ಟಿಯವಳು ಅಂತ ಹೇಳಿದ್ದೀನಿ."
ವಿಷಯ ಏನಿತ್ತು? ಒಂದು ಫೋನು. ಹತ್ತು ನಿಮಿಷ ಹೆಚ್ಚಿಗೆ.
ನಾನು ಕಿತ್ತುಕೊಂಡೆ, ಅವಳು ಕೈಗೆ ಸಿಕ್ಕಿದ್ದನ್ನು ಎಸೆದಳು,
ಸಿಕ್ಕಿದ್ದು ಇದು.

ನಾಲಗೆಗೆ ಎಲುಬಿಲ್ಲ, ನಿಜ.
ಗುರಿ ಇದೆಯಲ್ಲ! ಅದನ್ನು ಯಾರು ಕಲಿಸಿದರು?
ಹತ್ತು ಎಣಿಸು ಅನ್ನುತ್ತಾಳೆ ನೆರೆಮನೆಯ ಎಟೆರಿ.
ನಾನು ರೊಟ್ಟಿಗಳನ್ನೇ ಎಣಿಸಿದೆ.
ಇಪ್ಪತ್ತನೆಯದಕ್ಕೆ, ಕೆನ್ನೆಗೊಂದು ಕೊಡಬೇಕಿತ್ತು ಅನ್ನಿಸಿತು,
ಅರವತ್ತಕ್ಕೆ, ಸದ್ಯ ಕೊಡಲಿಲ್ಲ.
ತೊಂಬತ್ತಕ್ಕೆ ಅಳು.
ಕಣ್ಣೀರು ಈ ಒಲೆಗೆ ಬಿದ್ದರೆ ಚುಂಯ್ ಅನ್ನುವುದಿಲ್ಲ,
ತಳ ಮುಟ್ಟುವ ಮೊದಲೇ ಆರಿಹೋಗುತ್ತದೆ.

ನೂರಹತ್ತಕ್ಕೋ ಹನ್ನೊಂದಕ್ಕೋ, ಅಪ್ಪ ಬಂದ.

ತೊಂಬತ್ತಮೂರರ ಚಳಿಗಾಲ. ಕರೆಂಟಿಲ್ಲ. ಗ್ಯಾಸಿಲ್ಲ.
ಸೀಮೆಎಣ್ಣೆ ದೀಪದ ಮಸಿ ಮೂಗಿನ ಹೊಳ್ಳೆಯಲ್ಲಿ.
ಅಪ್ಪ ಯುದ್ಧದಿಂದ ವಾಪಸು ಬಂದಿದ್ದ,
ಕೈ ಕಾಲು ಎಲ್ಲ ಇತ್ತು.
ಕೆಳಮಹಡಿಯ ಝಾಯಿರಾಳ ಅಪ್ಪ ಬಂದಿರಲಿಲ್ಲ;
ಅವರ ಮನೆಗೆ ಯಾರು ಯಾರೋ ಹಿಟ್ಟು ತಂದು ಕೊಡುತ್ತಿದ್ದರು,
ಒಮ್ಮೆ ಸಕ್ಕರೆ ಕೂಡ.
ಎಂಟು ವರ್ಷದ ನಾನು, ಖಾಲಿ ತಟ್ಟೆ ತಳ್ಳಿ ಅಂದಿದ್ದೆ:
"ನೀನು ಯಾಕೆ ಬಂದೆ?
ಬರದೇ ಇದ್ದಿದ್ದರೆ ನಮಗೂ ಕೊಡುತ್ತಿದ್ದರು."

ಅಜ್ಜಿ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.
ಅಮ್ಮ ಕೈಯೆತ್ತಿದಳು. ಅಪ್ಪ ಆ ಕೈ ಹಿಡಿದು, ಮೆಲ್ಲಗೆ ಇಳಿಸಿ,
ಕೋಟು ತೊಟ್ಟು ಹೊರಟ.
ರಾತ್ರಿಯಿಡೀ ರೊಟ್ಟಿಯ ಕ್ಯೂನಲ್ಲಿ ನಿಂತ.
ಸಿಕ್ಕಿದ್ದರಲ್ಲಿ ಹಿಟ್ಟಿಗಿಂತ ಹೊಟ್ಟೇ ಹೆಚ್ಚು.
ಅದನ್ನು ಅಂಗಿಯೊಳಗೆ, ಬರಿ ಹೊಟ್ಟೆಗೆ ಒತ್ತಿ ತಂದಿದ್ದ
ಬಿಸಿ ಆರಬಾರದೆಂದು.
ನನ್ನ ಪಾಲು ಮುರಿದು ಕೊಟ್ಟು ಕೇಳಿದ್ದು ಒಂದೇ ಮಾತು:
"ಯಾವ ಕಾಲುಚೀಲ ತೂತು, ಎಡದ್ದೋ ಬಲದ್ದೋ?"

ಮತ್ತೆಂದೂ ಆ ವಿಷಯ ಎತ್ತಲಿಲ್ಲ ಅವನು. ನಾನೂ.
ಕ್ಷಮೆ ಕೇಳುವಷ್ಟು ಬುದ್ಧಿ ನನಗೆ ಬರುವ ಹೊತ್ತಿಗೆ
ಅವನಿಗೆ ನನ್ನ ಹೆಸರೇ ಮರೆತಿತ್ತು.
ಆಸ್ಪತ್ರೆಯಲ್ಲಿ ಕಿವಿಯ ಹತ್ತಿರ ಬಗ್ಗಿ, ಎಲ್ಲ ಹೇಳಿದೆ.
"ಪಾಪ, ಯಾರ ಮಗು ಅದು?" ಅಂದ.
"ಹಸಿದಿತ್ತೇನೋ."

ನಾನು ಅಪ್ಪನಲ್ಲ. ನನ್ನ ಹೊಟ್ಟೆ ಅಷ್ಟು ದೊಡ್ಡದಲ್ಲ.
ಮತ್ತೆ, ಸುಳ್ಳೇಕೆ, ಅವನ ಮೇಲೆ ನನಗೊಂದು ಸಿಟ್ಟೂ ಇದೆ:
ಒಮ್ಮೆ "ನೋವಾಯಿತು ಕಣೇ" ಅಂದುಬಿಟ್ಟಿದ್ದರೆ
ಅಂದೇ ಅತ್ತು ಮುಗಿಸುತ್ತಿದ್ದೆ.
ಮೂವತ್ತು ವರ್ಷ ಹೊತ್ತೆ.

ಏಳೂವರೆಗೆ ಕಿಟಕಿಯ ಮುಂದೆ ಕ್ಯೂ.
ಕ್ಯೂನಲ್ಲಿ ತೆಕ್ಲೆ, ಒಂದು ಲೇಸು ಬಿಚ್ಚಿಕೊಂಡು.
"ಒಂದು ರೊಟ್ಟಿ," ಅಂದಳು, ಎತ್ತಲೋ ನೋಡುತ್ತ.
ಕೊಟ್ಟೆ. ಕೊಡುತ್ತ ಹೇಳಿದೆ:
"ನಿನ್ನೆಯ ಮಾತು ನನ್ನನ್ನು ಸುಟ್ಟಿತು.
ಸಂಜೆ ಅದರ ಬಗ್ಗೆ ಮಾತಾಡೋಣ.
ಈಗ ತುದಿ ಮುರಿದು ತಿನ್ನು, ಬಿಸಿಯಿದೆ."

ಅವಳ ಹಿಂದೆ ನಿಂತಿದ್ದ ಮುದುಕ ಇಬ್ಬರನ್ನೂ ನೋಡಿ ಕೇಳಿದ:
"ತಾಯಿ ಮಗಳಾ?"

ನಾನು ಸುಮ್ಮನಿದ್ದೆ. ಉತ್ತರ ಅವಳಿಗೇ ಬಿಟ್ಟೆ.
ಅವಳ ಬಾಯಿ ತುಂಬ ರೊಟ್ಟಿ.