ನಡುವೆ ಒಂದು ಪದ

ಬಕೆಟ್ಟು, ತೆಂಗಿನ ನಾರು, ಸೋಪಿನ ಪುಡಿ,
ಅರ್ಧ ಲೀಟರ್ ಬಿಳಿ ಪೇಂಟು, ಎರಡು ಮೊಳ ಸೇವಂತಿಗೆ.
ಬಸ್ಸಿಳಿಯುವಾಗ ಕಂಡಕ್ಟರ್ ಕೇಳಿದ,
ಗೃಹಪ್ರವೇಶವೇನಮ್ಮ?
ಹೂಂ ಅಂದೆ.

ನವೆಂಬರ್ ಒಂದು. ಆಟೋ ಸ್ಟ್ಯಾಂಡಿನಲ್ಲಿ
ಭುವನೇಶ್ವರಿಗೆ ಹಾರ, ಕೆಂಪು ಹಳದಿ ಬಾವುಟ.
ಮೈಕು ಗೋಡೆ ಹಾರಿ ಬಂದು
ಸತ್ತವರಿಗೂ ಶುಭಾಶಯ ಹೇಳುತ್ತಿತ್ತು.
ಗೋಡೆಯ ಈಚೆ ತಮಿಳು, ಇಂಗ್ಲಿಷು, ಕೊಂಕಣಿ;
ಅಲ್ಲೊಂದು ಇಲ್ಲೊಂದು ಕಲ್ಲಿನ ಮೇಲೆ
ನಮ್ಮ ದುಂಡಕ್ಷರ.

ಅಕ್ಷರಕ್ಕೆ ಹನ್ನೆರಡು ರೂಪಾಯಿ, ಅಂದ ಬ್ರಷ್ ಹಿಡಿದ ಹುಡುಗ.
ಒತ್ತು ಬಂದರೆ ಬೇರೆ.
ಇನ್ನಾಸಪ್ಪನಿಗೆ ಎರಡು ಒತ್ತು, ಆರೋಗ್ಯಮ್ಮನಿಗೆ ಎರಡು.
ಸಮ.
ಬದುಕಿದ್ದಾಗ ಯಾವುದರಲ್ಲೂ ಸಮಕ್ಕೆ ಬರದವರು.

ಹನ್ನೊಂದು ವರ್ಷ ಒಂದೇ ಸೂರಿನಡಿ ಮಾತಿರಲಿಲ್ಲ.
ಸಾರಿಗೆ ಉಪ್ಪಿಲ್ಲ ಅಂತ ನಿಮ್ಮಮ್ಮನಿಗೆ ಹೇಳು.
ಡಬ್ಬಿ ಅಲ್ಲೇ ಇದೆ ಅಂತ ನಿಮ್ಮಪ್ಪನಿಗೆ ಹೇಳು.
ನಾನು ಅವರ ಅಂಚೆ.
ಅಪ್ಪ ಹೋದ ಮೇಲೆ ವರ್ಷ ವರ್ಷ ಬಂದಳು ಅಮ್ಮ,
ಕಲ್ಲು ತಿಕ್ಕಿದಳು, ಮೇಣದಬತ್ತಿ ಹಚ್ಚಿದಳು,
ಗಾಳಿಗೆ ಆರದಂತೆ ಸೆರಗು ಮರೆ ಹಿಡಿದಳು.
ತುಟಿ ಮಾತ್ರ ಬಿಚ್ಚಲಿಲ್ಲ.
ಉಳಿದೊಂದು ಬತ್ತಿ ಪಕ್ಕದ ಶಿಲುಬೆಗೆ,
ಹೆಸರು ಅಳಿಸಿಹೋದದ್ದು, ಯಾರೂ ಬಾರದ್ದು.

ಈ ಆಗಸ್ಟಿನಲ್ಲಿ ಅವಳ ಸರದಿ.
ಹೊಸ ಜಾಗ ಇಲ್ಲ ಅಂದರು. ಹಳೆಯದನ್ನೇ ತೆಗೆಸಿದೆವು.
ಗುಂಡಿ ತೋಡುವ ಚೌರಿ
ಅಪ್ಪನನ್ನೆಲ್ಲ ಒಂದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ,
ಒಳಗಿಂದ ತಲೆಯೆತ್ತಿ ಮೆಲ್ಲಗೆ ಕೇಳಿದ:
ಇವರನ್ನ ತಲೆ ಕಡೆ ಇಡಲಾ, ಕಾಲ ಕಡೆಯಾ?

ಗುರುಗಳ ಕೈಯಲ್ಲಿ ತೀರ್ಥದ ಪಾತ್ರೆ,
ಪ್ರಾರ್ಥನೆಯ ಪುಸ್ತಕದಲ್ಲಿ ಇದಕ್ಕೆ ಪುಟವಿಲ್ಲ.
ಚಿಕ್ಕಪ್ಪ ಕೆಮ್ಮಿದರು.
ಎಲ್ಲರೂ ನನ್ನನ್ನೇ ನೋಡಿದರು, ಅಂಚೆಯವಳನ್ನು.

ಪಕ್ಕಕ್ಕೆ, ಅಂದೆ. ಬಲಗಡೆಗೆ.
ಅವಳು ಬಡಿಸುವ ಕೈ ಅದು.
ತಪ್ಪೋ ಸರಿಯೋ, ಇಬ್ಬರೂ ಹೇಳಿಕಳಿಸಿಲ್ಲ.

ನಾಳೆ ಸಂಜೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ.
ಸಾಂಬ್ರಾಣಿ, ಮೇಣ, ಅಳುವ ಕೂಸು, ಜಪಸರ,
ನಿತ್ಯ ವಿಶ್ರಾಂತಿ ದಯಪಾಲಿಸು ಎಂಬ ಮೊರೆ.
ಇವತ್ತು ನಾನು, ಹುಡುಗ, ಎರಡು ಅಳಿಲು.
ಉಳಿದ ಪೇಂಟು ಪಕ್ಕದ ಶಿಲುಬೆಗೆ ಬಳಿದೆ.

ಅಕ್ಕಾ, ಹುಡುಗ ಕರೆದ,
ಎರಡು ಹೆಸರಿನ ನಡುವೆ 'ಮತ್ತು' ಹಾಕಲಾ?
ಅದು ಎರಡಕ್ಷರ ಆಗುತ್ತೆ, ಒಂದು ಒತ್ತು.
ಹಾಕು.
ಚೌಕಾಸಿ ಮಾಡಲಿಲ್ಲ.

ಮಳೆಮರದಿಂದ ಎಲೆ ಉದುರುತ್ತಲೇ ಇತ್ತು.
ಆ ಎರಡಕ್ಷರ ಒಣಗುವವರೆಗೆ
ಕೈ ಮರೆ ಮಾಡಿ ಕೂತಿದ್ದೆ.