ಹೆಗ್ಗಣ ಕಳೆದು

ಪಾವಗಡ ಅಂದರೆ ಹಾವಿನ ಬೆಟ್ಟ,
ಹಳೆಯ ಕನ್ನಡದಲ್ಲಿ ಪಾವು ಅಂದರೆ ಹಾವು ಅಂತ
ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರು.
ನಮ್ಮ ಓಬಳಕ್ಕನ ಪಾವು ಹಿತ್ತಾಳೆಯದು.
ಕಚ್ಚುವುದಿಲ್ಲ.
ಸೊಂಟದಲ್ಲಿ ಒಂದು ತಗ್ಗು ಮಾತ್ರ.

ಸಂಘದ ಚಟ್ನಿಪುಡಿಗೆ ಚೀಟಿ ಅಂಟಿಸಬೇಕಂತೆ,
ಚೀಟಿಯ ಮೇಲೆ ಗ್ರಾಂ ಇರಬೇಕಂತೆ.
ಲೆಕ್ಕ ಬರೆಯುವವಳು ನಾನು. ತಕ್ಕಡಿ ಬಂದಿದೆ,
ಗಾಜಿನ ತಲೆ, ಕೆಂಪು ಅಂಕಿ,
ಫ್ಯಾನ್ ಗಾಳಿಗೂ ಒಂದು ಗ್ರಾಂ ಆಚೀಚೆ ಆಗುವ ಅಂಜುಬುರುಕಿ.

"ಅಕ್ಕ, ಬೀಜ ಎಷ್ಟು ಹಾಕ್ತೀಯ?"
"ನಾಕು ಪಾವು."
"ಪಾವಂದ್ರೆ ಎಷ್ಟು?"
"ಪಾವಂದ್ರೆ ಪಾವೇ ಕಣೆ.
ನಿನ್ನನ್ನ ಯಾರಾದ್ರೂ ಎಷ್ಟು ಅಂತ ಕೇಳ್ತಾರಾ?"

ಸುರಿದು ನೋಡಿದೆ.
ಹಸಿಬೀಜ, ತಲೆ ಒರೆಸಿದ ಪಾವು: ನೂರ ನಲವತ್ತಾರು.
ಹುರಿದ ಮೇಲೆ ಅದೇ ಬೀಜ ನೂರ ಮೂವತ್ತೆಂಟು.
ಬಾಣಲೆಯಲ್ಲಿ ಕಳೆದುಹೋದ ಎಂಟು ಗ್ರಾಂ
ಪಕ್ಕದ ಬೀದಿಯವರೆಗೂ ಘಮ್ಮೆಂದಿತು.
ಸಿಪ್ಪೆ ತಿಕ್ಕಿ ಮೊರದಲ್ಲಿ ಕೇರಿದರೆ ಇನ್ನೂ ನಾಲ್ಕು ಹಾರಿಹೋಯಿತು,
ನನ್ನ ಕೂದಲಲ್ಲಿ ಒಂದಿಷ್ಟು ಸಿಕ್ಕಿಕೊಂಡಿತು.
ಕುಟ್ಟಿದೆ. ತೂಕ ಅಷ್ಟೇ,
ಪುಡಿ ಮಾತ್ರ ಪಾವಿನ ಬಾಯಿ ಮೀರಿ ತಟ್ಟೆಗೆ ಚೆಲ್ಲಿತು.
ತಟ್ಟಿದೆ, ಇಳಿಯಿತು. ಮತ್ತೆ ತಟ್ಟಿದೆ, ಮತ್ತೆ ಇಳಿಯಿತು.
ಎಷ್ಟು ಸಲ ತಟ್ಟಿ ನಿಲ್ಲಿಸಿ ಬರೆಯಲಿ?

ಅಷ್ಟರಲ್ಲಿ ಜರೀನಾ ಬಂದಳು, ಹೋದ ವಾರದ ಕಡ ತೀರಿಸಲು.
ಸೆರಗಿನಿಂದ ಪಾವಿಗೆ ಸುರಿದಳು,
ಬಾಯಿ ತುಂಬಿತು, ಅವಳು ನಿಲ್ಲಿಸಲಿಲ್ಲ.
ಇನ್ನೊಂದು ಕೂರದು ಎನ್ನುವವರೆಗೆ
ಒಂದೊಂದೇ ಬೀಜ ಮೇಲೆ ಕೂರಿಸಿದಳು.
"ಕೊಡೋವಾಗ ಅಕ್ಕ ಗೋಪುರ ಕೊಟ್ಟಿದ್ಲು."
ತಕ್ಕಡಿ ನೂರ ಎಪ್ಪತ್ತೊಂದು ಅಂದಿತು.
ಓಬಳಕ್ಕ ತುದಿಯ ನಾಲ್ಕು ಬೀಜ ತೆಗೆದು
ಜರೀನಾಳ ಕಂಕುಳ ಕೂಸಿನ ಕೈಗಿಟ್ಟಳು.
ನೂರ ಅರವತ್ತೊಂಬತ್ತು.
ಇದನ್ನು ಯಾವ ಕಾಲಂಗೆ ಹಾಕಬೇಕೋ ತಿಳಿಯಲಿಲ್ಲ.

ಕೊನೆಗೆ ನೀರು ಹೊಯ್ದು ಅಳೆದೆ,
ಔಷಧಿ ಅಂಗಡಿಯ ಗೆರೆ ಲೋಟದಿಂದ.
ಸಂತೆಯಲ್ಲಿ ಕೊಂಡ ಹೊಸ ಪಾವಿಗೆ ಇನ್ನೂರ ನಲವತ್ತು ಮಿಲಿ,
ಇದಕ್ಕೆ ಹನ್ನೆರಡು ಕಡಿಮೆ.
"ಅಕ್ಕ, ಈ ತಗ್ಗು?"
"ಅದಾ? ಹೆಗ್ಗಣಕ್ಕೆ ಎಸೆದಿದ್ದೆ, ಮದುವೆಯಾಗಿ ಬಂದ ವರ್ಷ.
ಅದು ತಪ್ಪಿಸ್ಕೊಂತು. ಪಾವು ಹೋಗಿ ಒರಳಿಗೆ ಬಿತ್ತು.
ನಮ್ಮತ್ತೆ ಮೂರು ದಿನ ಮಾತಾಡ್ಲಿಲ್ಲ."
ಆಮೇಲೆ ಉಪ್ಪು, ಖಾರ, ಹುಣಸೆ, ಬೆಲ್ಲ
ಎಲ್ಲವನ್ನೂ ಚಿಟಿಕೆ ಚಿಟಿಕೆಯಾಗಿ
ತಗ್ಗಿಗೆ ತಕ್ಕಂತೆ ಹೊಂದಿಸಿಕೊಂಡಳಂತೆ,
ಅತ್ತೆಯ ನಾಲಿಗೆ ಒಪ್ಪುವವರೆಗೆ.
ಹೊಸ ಪಾವಿನಲ್ಲಿ ಅಳೆದು ಮಾಡಿದ್ದು ಅದಕ್ಕೇ ಸಪ್ಪೆ.
ನಲವತ್ತು ವರ್ಷದಿಂದ ಈ ಬೀದಿ ತಿಂದದ್ದು
ಆ ಏಟು ತಪ್ಪಿದ ರುಚಿ.

ಪುಸ್ತಕದಲ್ಲಿ ಬರೆದೆ:
ಒಂದು ಪಾವು ಕಡ್ಲೇಬೀಜ, ಹಸಿ, ತಲೆ ಒರೆಸಿ,
ನೂರ ನಲವತ್ತಾರು ಗ್ರಾಂ,
ಹೆಗ್ಗಣ ಕಳೆದು.

ಅಚ್ಚು ಹಾಕುವ ತಿಪ್ಪೇಶಿ ಫೋನ್ ಮಾಡಿದ:
"ಮೇಡಂ, ಕೊನೇ ಸಾಲು ತಪ್ಪಾಗಿ ಬಂದಿದೆಯಾ?"
ಓಬಳಕ್ಕನ ಕಡೆ ನೋಡಿದೆ.
ಒರಳ ಮುಂದೆ ಕೂತವಳು ತಲೆ ಎತ್ತಲಿಲ್ಲ.
"ಇರ್ಲಿ ಬಿಡು," ಅಂದಳು,
"ಅದೂ ತಿಂದೈತೆ ನಮ್ಮನೆ ಬೀಜ."